ಪರಿಗಣನೆ ಅಲ್ಲ, ಪ್ರತಿಫಲ

ಬೆಂಗಳೂರಿನ ಗಾಂಧಿನಗರದಲ್ಲಿ ನಾನು ಜೂನಿಯರ್ ವಕೀಲೆಯಾಗಿರುವ ಆಫೀಸು ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಕೆಳಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಕಾಫಿ, ರೈಸ್‌ಬಾತ್ ಕೊಡುವ ಒಂದು ಗೂಡು. ಕಳೆದ ಜೂನ್‌ನಲ್ಲಿ ಆ ಮೆಟ್ಟಿಲು ಹತ್ತಿಕೊಂಡು ಶಿರಾ ಕಡೆಯ ಒಬ್ಬ ಹುಡುಗಿ ಬಂದಳು. ಇಂಟರ್ನ್‌ಶಿಪ್‌ಗೆ. ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ಎರಡನೇ ವರ್ಷ. ಕೈಯಲ್ಲಿ ಕಾಲೇಜಿನ ಪತ್ರ, ನೀಲಿ ರಟ್ಟಿನ ಡೈರಿ. ನಮ್ಮ ಸೀನಿಯರ್ ಪತ್ರದ ಮೇಲೆ ಸಹಿ ಹಾಕಿ, ನನ್ನ ಕಡೆ ಕೈ ತೋರಿಸಿ, ‘ಇವರ ಜೊತೆ ಇರಮ್ಮ’ ಅಂದು ಕೋಟು ಎತ್ತಿಕೊಂಡು ಹೊರಟರು.

ಮೊದಲ ವಾರ ಅವಳು ನನ್ನ ಹಿಂದೆ ಸಿಟಿ ಸಿವಿಲ್ ಕೋರ್ಟಿನ ಮಹಡಿ ಮಹಡಿ ಓಡಾಡಿದಳು. ಸಂಜೆ ಡೈರಿ ಬರೆಯುತ್ತಿದ್ದಳು. ಇಣುಕಿ ನೋಡಿದೆ. ‘ಈ ದಿನ ಕೋರ್ಟ್ ಹಾಲ್‌ನಲ್ಲಿ ಕುಳಿತಿದ್ದೆ. ಕೇಸ್ ಮುಂದಕ್ಕೆ ಹೋಯಿತು.’ ಮರುದಿನ: ‘ಈ ದಿನ ಕೋರ್ಟ್ ಹಾಲ್‌ನಲ್ಲಿ ಕುಳಿತಿದ್ದೆ. ಕೇಸ್ ಮುಂದಕ್ಕೆ ಹೋಯಿತು.’ ಮೂರನೇ ದಿನವೂ ಅದೇ. ಸುಳ್ಳೇನಲ್ಲ, ಹೋಗಿದ್ದು ನಿಜ.

‘ಏನಾದ್ರೂ ಅರ್ಥ ಆಯ್ತಾ?’ ಅಂತ ಕೇಳಿದೆ.

‘ಇಲ್ಲಕ್ಕಾ’ ಅಂದಳು. ನೇರವಾಗಿ. ಅದು ನನಗೆ ಹಿಡಿಸಿತು.

ಎರಡನೇ ವಾರ, ಊಟದ ಬಿಡುವಿನಲ್ಲಿ, ಬ್ಯಾಗಿನಿಂದ ಮಡಚಿದ ಕಾಗದಗಳನ್ನು ತೆಗೆದಳು. ತನ್ನದೇ ಉತ್ತರ ಪತ್ರಿಕೆಯ ಜೆರಾಕ್ಸ್. ಕಾಂಟ್ರಾಕ್ಟ್-1, ಅಂದರೆ ಕರಾರು ಕಾನೂನಿನ ಮೊದಲ ಪೇಪರಿನಲ್ಲಿ ಫೇಲಾಗಿ ಬ್ಯಾಕ್ ಇತ್ತು. 28 ಬಂದಿತ್ತು. ‘ಅಕ್ಕಾ, ನಾನು ಪುಟಗಟ್ಟಲೆ ಬರ್ದಿದೀನಿ. ಒಂದು ಪ್ರಶ್ನೆನೂ ಬಿಟ್ಟಿಲ್ಲ. ಯಾಕೆ ಹೋಯ್ತು ಅಂತ ಗೊತ್ತಾಗ್ತಿಲ್ಲ.’

ನಾನು ಓದಿದೆ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಮೂರನೇ ಉತ್ತರ ಹೀಗಿತ್ತು: ‘ಯಾವುದೇ ಕರಾರಿಗೆ ಪರಿಗಣನೆ ಅತ್ಯಗತ್ಯ. ಪರಿಗಣನೆ ಎಂದರೆ ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ಪರಿಗಣಿಸುವುದು. ಒಬ್ಬರು ಇನ್ನೊಬ್ಬರನ್ನು ಪರಿಗಣಿಸದಿದ್ದರೆ ಆ ಕರಾರು ಊರ್ಜಿತವಾಗುವುದಿಲ್ಲ.’ ಹೀಗೇ ಎರಡು ಪುಟ.

ನನಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು.

ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲಿ ಆಗಿದೆ. ಮೇಷ್ಟ್ರು ‘ಕನ್ಸಿಡರೇಶನ್ ಇಲ್ಲದೆ ಕಾಂಟ್ರಾಕ್ಟ್ ಇಲ್ಲ’ ಅಂದಿದ್ದಾರೆ. ಇವಳು ಬಿಎವರೆಗೆ ಓದಿದ್ದೆಲ್ಲ ಕನ್ನಡದಲ್ಲಿ. ಮೊಬೈಲಿನಲ್ಲಿ ಆ ಪದ ಹಾಕಿ ನೋಡಿದ್ದಾಳೆ. ‘ಪರಿಗಣನೆ’ ಅಂತ ಬಂದಿದೆ. ಪದಕೋಶದ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಕರಾರು ಕಾನೂನಿನಲ್ಲಿ ಆ ಪದಕ್ಕೆ ಪರಿಗಣನೆ ಅನ್ನುವ ಅರ್ಥವೇ ಇಲ್ಲ. ಅಲ್ಲಿ ಅದು ಪ್ರತಿಫಲ. ನಾನು ನಿನಗೆ ಇದನ್ನು ಕೊಡುತ್ತೇನೆ, ಬದಲಿಗೆ ನೀನು ನನಗೆ ಏನು ಕೊಡುತ್ತೀಯ? 1872ರ ಕರಾರು ಅಧಿನಿಯಮದ 2ನೇ ಕಲಂ, ಡಿ ಉಪಕಲಂ. ಅಷ್ಟೇ.

‘ಮಾರ್ಕೆಟ್‌ನಲ್ಲಿ ಒಂದು ಮಾರು ಕನಕಾಂಬರ ತಗೋತೀಯ. ದುಡ್ಡು ಕೊಡ್ತೀಯ. ಹೂವಿನವಳಿಗೆ ನಿನ್ನ ದುಡ್ಡು ಪ್ರತಿಫಲ. ನಿನಗೆ ಅವಳ ಹೂವು ಪ್ರತಿಫಲ. ಗೌರವ ಗೀರವ ಏನಿಲ್ಲ. ಅವಳು ಬೈದು ಕೊಟ್ರೂ ಕರಾರು ಕರಾರೇ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಪ್ರತಿಫಲ ಅಂದ್ರೆ… ನಮ್ಮ ಜಮೀನಿನ ಪತ್ರದಲ್ಲಿ ಇರುತ್ತಲ್ಲ, ಅದಾ?’

ಅಲ್ಲೇ ಕೂತು ಅಪ್ಪನಿಗೆ ಫೋನ್ ಮಾಡಿದಳು. ಅವರು ಟ್ರಂಕು ತೆಗೆದು ಕ್ರಯಪತ್ರ ಹುಡುಕುವುದಕ್ಕೆ ಹತ್ತು ನಿಮಿಷ. ಸ್ಪೀಕರ್‌ನಲ್ಲಿ ಎಳೆದೆಳೆದು ಓದಿದರು: ‘…ಸದರಿ ಸ್ವತ್ತಿನ ಕ್ರಯದ ಪ್ರತಿಫಲದ ಹಣವನ್ನು ಈ ದಿನ ನಿಮ್ಮಿಂದ ನಗದಾಗಿ ಪಡೆದುಕೊಂಡು…’ ಓದಿ ಮುಗಿಸಿ, ‘ಯಾಕವ್ವ, ಏನಾದ್ರೂ ತಕರಾರು ಬಂತಾ?’ ಅಂತ ಗಾಬರಿಯಾದರು.

ಆ ಪದ ಅವಳ ಮನೆಯ ಟ್ರಂಕಿನಲ್ಲೇ ಇತ್ತು. ಕ್ಲಾಸಿನಲ್ಲಿ ಯಾರೂ ಅದನ್ನು ಅವಳಿಗೆ ಹೇಳಿರಲಿಲ್ಲ.

ವಕೀಲರಾಗುವುದಕ್ಕೆ ಏನೇನು ಬೇಕು ಅಂತ ಸಂಬಂಧಿಕರ ಮದುವೆಗಳಲ್ಲಿ ನನ್ನನ್ನು ಕೇಳುತ್ತಿರುತ್ತಾರೆ. ನಾನೇ ತಡವಾಗಿ, ಮೂವತ್ತಾರು ದಾಟಿದ ಮೇಲೆ, 2021ರ ಕೊನೆಯಲ್ಲಿ ಸೇರಿದವಳು. ಹಾಗಾಗಿ ಕೇಳುವವರಲ್ಲಿ ಹೆಂಗಸರೇ ಜಾಸ್ತಿ. ವಯಸ್ಸಾಯಿತಲ್ಲ, ಸೇರಿಸಿಕೊಳ್ಳುತ್ತಾರಾ ಅನ್ನುವುದೇ ಮೊದಲ ಪ್ರಶ್ನೆ. ಕಾನೂನು ಓದಿಗೂ ವಕೀಲಿಕೆಗೂ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಲ್ಲಿ ಮೂರು ವರ್ಷದ ಕೋರ್ಸಿಗೆ 30, ಐದು ವರ್ಷದ್ದಕ್ಕೆ 20 ಅಂತ ವಯಸ್ಸಿನ ಮಿತಿ ಇತ್ತು. ಅದು ಒಮ್ಮೆ ಹೋಗಿ, ಮತ್ತೆ ಬಂದು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ತಡೆಯಾಜ್ಞೆ ಇಲ್ಲದಿದ್ದರೆ ನಾನು ಇವತ್ತು ಈ ಬರಹ ಬರೆಯುತ್ತಿರಲಿಲ್ಲ, ಯಾರದೋ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪಿಯುಸಿ ಆದವರಿಗೆ ಐದು ವರ್ಷ, ಡಿಗ್ರಿ ಆದವರಿಗೆ ಮೂರು ವರ್ಷ. ಸೇರಲು ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ. ಕಡ್ಡಾಯ ವಿಷಯಗಳು 20. ಅದರ ಮೇಲೆ ಮಾಡಿ ಕಲಿಯುವ, ಕ್ಲಿನಿಕಲ್ ಅನ್ನುವ ನಾಲ್ಕು ಪೇಪರ್: ದಾವೆ, ಪತ್ರ ಬರೆಯುವ ಡ್ರಾಫ್ಟಿಂಗ್, ವೃತ್ತಿ ನೀತಿ, ರಾಜಿ ಸಂಧಾನದ ವಿಧಾನಗಳು, ಮತ್ತೆ ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯ. ಅದರ ಮೇಲೆ ಆಯ್ಕೆಯ ವಿಷಯಗಳು. ಇಂಟರ್ನ್‌ಶಿಪ್ ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ, ಒಂದು ಸಲಕ್ಕೆ ನಾಲ್ಕು ವಾರಕ್ಕಿಂತ ಜಾಸ್ತಿ ಎಳೆಯುವ ಹಾಗಿಲ್ಲ. ಶಿರಾದ ಹುಡುಗಿ ನಮ್ಮಲ್ಲಿ ಬಂದು ಕೂತಿದ್ದು ಈ ಲೆಕ್ಕದಲ್ಲೇ.

ಇನ್ನು ಹಾಜರಾತಿ. ಪ್ರತಿ ವಿಷಯದಲ್ಲೂ ಶೇ 70. ಒಂದು ವಿಷಯದಲ್ಲಿ ಕಮ್ಮಿಯಾದರೆ, ಅದರಲ್ಲಿ ಶೇ 65 ಆದರೂ ಇದ್ದು, ಎಲ್ಲ ವಿಷಯ ಸೇರಿಸಿ ಶೇ 70 ಇದ್ದರೆ, ಪ್ರಿನ್ಸಿಪಾಲರು ಮನಸ್ಸು ಮಾಡಿ ಬಿಡಬಹುದು. ಇದನ್ನು ಕಾಲೇಜಿನಲ್ಲಿ ಕಂಡೊನೇಶನ್ ಅನ್ನುತ್ತಾರೆ. ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬಿದ್ದ ದಿನ ಜನ ಅದರ ಮುಂದೆ ಮುಗಿಬೀಳುತ್ತಿದ್ದುದನ್ನು ನೋಡಬೇಕಿತ್ತು. ರಿಸಲ್ಟ್ ದಿನವೂ ಅಷ್ಟು ನೂಕುನುಗ್ಗಲು ಇರಲಿಲ್ಲ.

ಮೂರನೇ ಸೆಮಿಸ್ಟರಿನಲ್ಲಿ ನನ್ನ ಹೆಸರೂ ಇತ್ತು. ಆಸ್ತಿ ಹಸ್ತಾಂತರ ಕಾನೂನು. 60 ಕ್ಲಾಸಿನಲ್ಲಿ 40. ಅಂದರೆ ಶೇ 66 ಚಿಲ್ಲರೆ. ನಾನು ಆಗ ರಾಜಾಜಿನಗರದಲ್ಲಿ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಮಧ್ಯಾಹ್ನದ ಕೆಲಸಕ್ಕೆ ಹೋಗುತ್ತಿದ್ದೆ. ಗೈರಾದ ದಿನಗಳ ತಾರೀಕು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ: 10, 11, 19, 20. ಮತ್ತೆ ಮುಂದಿನ ತಿಂಗಳು 10, 11, 19, 20. ಜಿಎಸ್‌ಟಿಯ ತಿಂಗಳ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1 ಹಾಕಲು 11 ಕೊನೇ ದಿನ, 3-ಬಿ ಹಾಕಲು 20. ಆ ದಿನಗಳಲ್ಲಿ ಬೆಳಗ್ಗೆಯಿಂದಲೇ ಆಫೀಸಿನಲ್ಲಿ ಇರಬೇಕಿತ್ತು.

ಕಂಡೊನೇಶನ್ ಅರ್ಜಿ ಹಿಡಿದು ಆಫೀಸ್ ಕೌಂಟರಿಗೆ ಹೋದೆ. ಕಾರಣದ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ. ಗುಮಾಸ್ತರು ಓದಿ, ಕನ್ನಡಕ ಮೇಲೆತ್ತಿ, ‘ಮೇಡಂ, ಹುಷಾರಿರ್ಲಿಲ್ಲ ಅಂತ ಬರೀರಿ. ಜಿಎಸ್‌ಟಿ ಅಂತ ಬರೆದ್ರೆ ಒಳಗೆ ಹೋಗಲ್ಲ’ ಅಂದರು. ಒಳ್ಳೇ ಮನಸ್ಸಿನಿಂದಲೇ ಹೇಳಿದರು. ನಾನು ‘ಅನಿವಾರ್ಯ ಕಾರಣಗಳಿಂದ’ ಅಂತ ಬರೆದು ಕೊಟ್ಟೆ. ವಕೀಲಿಕೆಯ ಮೊದಲ ಡ್ರಾಫ್ಟಿಂಗ್ ಅದೇ ಇರಬೇಕು. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಬಿಟ್ಟರು, ಬರೆದೆ, ಪಾಸಾದೆ. ಆ ಪೇಪರಿನಲ್ಲಿ ನನಗೆ ಬಂದ ಮಾರ್ಕ್ಸು, ಶೇ 90 ಹಾಜರಾತಿ ಇದ್ದ, ಕಾನೂನಿನ ತತ್ವ ಹೇಳುವ ಜ್ಯೂರಿಸ್‌ಪ್ರುಡೆನ್ಸ್‌ಗಿಂತ 11 ಜಾಸ್ತಿ. ಕ್ಲಾಸಿಗೆ ಹೋಗಬೇಡಿ ಅಂತ ಹೇಳುತ್ತಿಲ್ಲ. ಆಸ್ತಿ ಕಾನೂನು ನನಗೆ ಕ್ರಯ, ಭೋಗ್ಯ, ಗುತ್ತಿಗೆ ಅಂತ ಮೊದಲೇ ಗೊತ್ತಿತ್ತು, ಮನೆಯಲ್ಲಿ ಅಜ್ಜ ಅದನ್ನೇ ಮಾತಾಡುತ್ತಿದ್ದರು. ಜ್ಯೂರಿಸ್‌ಪ್ರುಡೆನ್ಸ್ ಬಗ್ಗೆ ಯಾವ ಅಜ್ಜನೂ ಮಾತಾಡಿರಲಿಲ್ಲ. ಅದೊಂದೇ ವ್ಯತ್ಯಾಸ.

2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಇನ್ನೂ ಒಂದು ಸುತ್ತೋಲೆ ಹೊರಡಿಸಿತು. ಬೆರಳಚ್ಚಿನ ಹಾಜರಾತಿ, ಕ್ಲಾಸಿನಲ್ಲಿ ಸಿಸಿಟಿವಿ, ಕೆಲಸದಲ್ಲಿರುವವರು ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು, ಹೀಗೆ. ಅದಾದ ಮೇಲೆ 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಹಾಜರಾತಿ ಕಮ್ಮಿ ಅನ್ನುವ ಒಂದೇ ಕಾರಣಕ್ಕೆ ಕಾನೂನು ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ತಡೆಯಬಾರದು ಅಂದಿತು. ಒಬ್ಬ ವಿದ್ಯಾರ್ಥಿ 2016ರಲ್ಲಿ ಜೀವ ಕಳೆದುಕೊಂಡ ಮೇಲೆ ಶುರುವಾದ ಪ್ರಕರಣ ಅದು. ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಈ ಕಡೆ ಬಿಗಿ, ಆ ಕಡೆ ಸಡಿಲ. ಎರಡೂ ಕಡೆಯವರು ಎಣಿಸುತ್ತಿರುವುದು ಬೆಂಚಿನ ಮೇಲೆ ಕೂತವರನ್ನೇ.

ನಿಯಮದಲ್ಲಿ ಟ್ಯುಟೋರಿಯಲ್ ಅನ್ನುವ ಪದ ಇದೆ, ಅಂದರೆ ಸಣ್ಣ ಗುಂಪಿನಲ್ಲಿ ಕೂರಿಸಿ ಬಿಡಿಸಿ ಹೇಳುವ ಪಾಠ. ನಮ್ಮ ಟೈಮ್‌ಟೇಬಲ್‌ನಲ್ಲೂ ಇತ್ತು, ಶುಕ್ರವಾರ ಕೊನೇ ಪಿರಿಯಡ್, ‘ಟಿ’ ಅಂತ ಒಂದೇ ಅಕ್ಷರ. ಮೇಷ್ಟ್ರು ಬಂದು ಹಾಜರಿ ಕೂಗಿ, ‘ಏನಾದ್ರೂ ಡೌಟ್ ಇದ್ಯಾ?’ ಅನ್ನುತ್ತಿದ್ದರು. ಯಾರಿಗೂ ಇರುತ್ತಿರಲಿಲ್ಲ. ಡೌಟ್ ಬರುವುದಕ್ಕೂ ಒಂದಿಷ್ಟು ಅರ್ಥವಾಗಿರಬೇಕಲ್ವಾ? ಅವರನ್ನೂ ಬೈಯಲಾರೆ. ಎಂಬತ್ತು ಜನರ ಕ್ಲಾಸು, ಗೆಸ್ಟ್ ಲೆಕ್ಚರರ್ ಸಂಬಳ, ಅದೇ ದಿನ ಬೆಳಗ್ಗೆ ಇನ್ನೊಂದು ಕಾಲೇಜಿನಲ್ಲಿ ಪಾಠ ಮುಗಿಸಿ ಎರಡು ಬಸ್ಸು ಬದಲಿಸಿ ಬಂದಿರುತ್ತಿದ್ದರು.

ಇದರಲ್ಲಿ ಒಂದು ತಮಾಷೆ ಇದೆ. ಪ್ರತಿ ಕಾನೂನು ಕಾಲೇಜೂ ಒಂದು ಕಾನೂನು ನೆರವು ಕೇಂದ್ರ ನಡೆಸಬೇಕು ಅಂತ ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ನಮ್ಮಲ್ಲೂ ಇತ್ತು. ಊರಿನ ಜನಕ್ಕೆ ನೆರವು ಕೊಡುವುದಕ್ಕೆ ಬೋರ್ಡು ಹಾಕಿ, ಮೇಜು ಕುರ್ಚಿ ಇಟ್ಟಿದ್ದರು. ಅದೇ ಕೋಣೆಯ ಹೊರಗೆ, ಮೆಟ್ಟಿಲ ಮೇಲೆ, ನಾಳೆ ಕಾಂಟ್ರಾಕ್ಟ್ ಪರೀಕ್ಷೆ ಇರುವ ಹತ್ತು ಜನ ಒಂದು ಗೈಡ್ ಹಂಚಿಕೊಂಡು, ಪದದ ಅರ್ಥ ಗೊತ್ತಿಲ್ಲದೆ ಗಟ್ಟು ಹೊಡೆಯುತ್ತಿದ್ದರು. ನಾನೂ ಅವರಲ್ಲಿ ಒಬ್ಬಳು.

ನಮ್ಮಕ್ಕನ ಮಗಳು ಒಹಾಯೊದಲ್ಲಿ ಜೆಡಿ ಓದುತ್ತಿದ್ದಾಳೆ. ಅಮೆರಿಕದಲ್ಲಿ ವಕೀಲರಾಗಲು ಡಿಗ್ರಿ ಆದ ಮೇಲೆ ಮೂರು ವರ್ಷ ಓದುವ ಕೋರ್ಸ್ ಅದು. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಮುಖ ಸಪ್ಪಗಿತ್ತು. ‘ಚಿಕ್ಕಮ್ಮ, ಮಿಡ್‌ಟರ್ಮ್ ಹಾಳಾಯ್ತು. ನಾಳೆ ಸಪೋರ್ಟ್ ಆಫೀಸ್‌ಗೆ ಬಾ ಅಂತ ಕರೆದಿದ್ದಾರೆ.’ ನಾನು, ಅಯ್ಯೋ, ಹೊರಗೆ ಹಾಕುತ್ತಾರೇನೋ ಅಂದುಕೊಂಡೆ. ಹಾಗಲ್ಲ. ಅಲ್ಲಿ ಒಬ್ಬರು ಅವಳ ಉತ್ತರವನ್ನು ಎದುರಿಗೆ ಇಟ್ಟುಕೊಂಡು, ಇಲ್ಲಿ ನೀನು ಕಾನೂನು ಹೇಳಿದ್ದೀಯ, ಅದನ್ನು ಈ ಸಂಗತಿಗೆ ಹೊಂದಿಸಿಲ್ಲ, ಮತ್ತೆ ಬರಿ ಅಂತ ಕೂರಿಸಿಕೊಂಡು ಬರೆಸಿದರಂತೆ. ಮೂರು ವಾರ.

ಅದು ಆ ಕಾಲೇಜಿನ ಧಾರಾಳತನ ಇರಬಹುದು ಅಂದುಕೊಂಡಿದ್ದೆ. ಆಮೇಲೆ ಅಲ್ಲಿನ ಕಾನೂನು ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಶನ್‌ನ ಮಾನದಂಡಗಳನ್ನು ತೆಗೆದು ನೋಡಿದೆ. ನಮ್ಮ ಹಾಗೇ ಅವರಿಗೂ ಲೆಕ್ಕಗಳಿವೆ: ಪದವಿಗೆ ಕನಿಷ್ಠ 83 ಕ್ರೆಡಿಟ್, ಅದರಲ್ಲಿ ಆರು ಕೈಯಾರೆ ಮಾಡಿ ಕಲಿಯುವ ಕೋರ್ಸಿನದು. ಆದರೆ 309ನೇ ಮಾನದಂಡದಲ್ಲಿ ಇನ್ನೊಂದು ಮಾತಿದೆ. ಸೇರಿಸಿಕೊಂಡ ವಿದ್ಯಾರ್ಥಿ ಓದು ಮುಗಿಸಿ ವಕೀಲನಾಗಲು ತಕ್ಕ ಅವಕಾಶ ಸಿಗುವಂಥ ಓದಿನ ನೆರವನ್ನು ಕಾಲೇಜು ಕೊಡಲೇಬೇಕು. ಕೊಡಬಹುದು ಅಂತಲ್ಲ.

ಅಲ್ಲೆಲ್ಲ ಸ್ವರ್ಗ ಅಂತ ತಿಳಿಯಬೇಡಿ. ಅವಳ ತಲೆಯ ಮೇಲೆ ಇರುವ ಸಾಲಕ್ಕೆ ತುಮಕೂರಿನಲ್ಲಿ ಎರಡು ಸೈಟು ಬರುತ್ತದೆ. ನಾನು ಹೇಳುತ್ತಿರುವುದು ನಿಯಮದ ವಾಕ್ಯದಲ್ಲಿ ಕರ್ತೃ ಯಾರು ಅನ್ನುವುದನ್ನು. ನಮ್ಮ ನಿಯಮದಲ್ಲಿ ‘ವಿದ್ಯಾರ್ಥಿಯು ಮಾಡತಕ್ಕದ್ದು’ ಅಂತ ಬಹಳ ಇದೆ. ಕಾಲೇಜು ಮಾಡತಕ್ಕದ್ದರಲ್ಲಿ ಗ್ರಂಥಾಲಯ ಇದೆ, ಮೂಟ್ ಕೋರ್ಟ್ ಹಾಲ್ ಇದೆ, ಕ್ಲಾಸಿನ ಗಂಟೆ ಎಷ್ಟು ಅಂತ ಇದೆ. ಹಿಂದೆ ಬಿದ್ದವಳನ್ನು ಕೂರಿಸಿಕೊಂಡು ನಿನ್ನ ಉತ್ತರ ಎಲ್ಲಿ ಜಾರಿತು ಅಂತ ತೋರಿಸತಕ್ಕದ್ದು ಯಾರು?

ಬೆಂಗಳೂರಿಗೆ ಈ ಪ್ರಶ್ನೆ ಇನ್ನೂ ಚುಚ್ಚಬೇಕು. ದೇಶದ ಮೊದಲ ರಾಷ್ಟ್ರೀಯ ಕಾನೂನು ಶಾಲೆ ಇರುವುದು ಇಲ್ಲೇ, ನಾಗರಭಾವಿಯಲ್ಲಿ. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು, 1988ರಲ್ಲಿ ಮೊದಲ ಬ್ಯಾಚ್. ಐದು ವರ್ಷದ ಕೋರ್ಸನ್ನು ಇಡೀ ದೇಶಕ್ಕೆ ಮಾದರಿಯಾಗಿ ತೋರಿಸಿದ್ದು ಆ ಕ್ಯಾಂಪಸ್. ಅಲ್ಲಿಗೆ ಐದು ವರ್ಷದ ಕೋರ್ಸಿಗೆ ಹೋಗಲು ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಕ್ಲಾಟ್ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಅಲ್ಲೇ ಓದಿದ್ದ ಶಮ್ನಾದ್ ಬಷೀರ್ 2010ರಲ್ಲಿ ಇಡಿಯಾ ಅನ್ನುವ ಸಂಸ್ಥೆ ಶುರು ಮಾಡಿದರು. ಹಳ್ಳಿಯ, ಬಡವರ, ಅಂಗವಿಕಲರ ಮಕ್ಕಳನ್ನು, ಅಂಗವೈಕಲ್ಯ ಇರುವ ಮಕ್ಕಳನ್ನೂ ಹುಡುಕಿ ಕ್ಲಾಟ್‌ಗೆ ತಯಾರು ಮಾಡುವುದು, ಸೀಟು ಸಿಕ್ಕ ಮೇಲೂ ಕೈಬಿಡದೆ ಜೊತೆಗೆ ಒಬ್ಬರನ್ನು ಇರಿಸುವುದು. ಅವರು 2019ರಲ್ಲಿ ತೀರಿಕೊಂಡರು. ಸೀಟು ಸಿಕ್ಕರೆ ಸಾಲದು, ಒಳಗೆ ಹೋದ ಮೇಲೆ ಹಿಡಿದು ನಡೆಸುವ ಕೈ ಬೇಕು ಅನ್ನುವುದನ್ನು ಅವರು ಅರ್ಥ ಮಾಡಿಕೊಂಡಿದ್ದರು. ಆದರೆ ಅದು ರಾಷ್ಟ್ರೀಯ ಕಾನೂನು ಶಾಲೆಗಳ ಮಾತು. ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲಿ ನಿಂತಿರುವ ನನ್ನಂಥವರಲ್ಲಿ ಬಹಳ ಮಂದಿ ಓದಿದ್ದು ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಸಾಮಾನ್ಯ ಕಾಲೇಜುಗಳಲ್ಲಿ.

ಈ ಪರೀಕ್ಷೆಗಳಲ್ಲಿ ಒಂದು ಒಳ್ಳೆಯದಿದೆ. ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಬಹುದು ಅಂತ ಪ್ರಶ್ನೆಪತ್ರಿಕೆಯ ತಲೆಯಲ್ಲೇ ಇರುತ್ತದೆ. ಕೆಳ ಕೋರ್ಟುಗಳಲ್ಲಿ ಕನ್ನಡವೂ ನಡೆಯುತ್ತದೆ. ಅಂದರೆ ಬಾಗಿಲು ತೆರೆದಿದೆ. ಆದರೆ ಆ ಬಾಗಿಲವರೆಗೆ ಹೋಗುವ ದಾರಿಯಲ್ಲಿ, ಕ್ಲಾಸಿನಲ್ಲಿ, ಎಲ್ಲವೂ ಇಂಗ್ಲಿಷ್. ಕೇಳುವುದು ಒಂದು ಭಾಷೆ, ಬರೆಯುವುದು ಒಂದು ಭಾಷೆ, ನಡುವೆ ಒಂದು ಮೊಬೈಲು. ಪರಿಗಣನೆ ಹುಟ್ಟಿದ್ದು ಆ ನಡುವಿನಲ್ಲೇ.

ಒಹಾಯೊದಲ್ಲಿ ಅಕ್ಕನ ಮಗಳಿಗೆ ಉತ್ತರ ಬರೆಸಿದ ವಿಧಾನಕ್ಕೆ ಅಲ್ಲಿ ಐರ‍್ಯಾಕ್ ಅನ್ನುತ್ತಾರೆ. ಇಶ್ಯೂ, ರೂಲ್, ಅಪ್ಲಿಕೇಶನ್, ಕನ್‌ಕ್ಲೂಶನ್ ಅನ್ನುವ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿದ್ದು. ಮೂರು ವರ್ಷ ಎಲ್‌ಎಲ್‌ಬಿ ಓದಿದ ನನಗೆ ಅದರ ಹೆಸರು ತಿಳಿದದ್ದು ಡಿಗ್ರಿ ಕೈಗೆ ಬಂದ ಮೇಲೆ. ನಾನು ಶಿರಾದ ಹುಡುಗಿಗೆ ಆ ಹೆಸರು ಹೇಳಲಿಲ್ಲ.

‘ನಿಮ್ಮೂರಲ್ಲಿ ಅರಳಿಕಟ್ಟೆ ಇದ್ಯಾ?’

‘ಇದೆ. ಈಗ ಅಲ್ಲಿ ಮೊಬೈಲ್ ನೋಡ್ಕೊಂಡು ಕೂತಿರ್ತಾರೆ.’

‘ಹಿಂದೆ ಅಲ್ಲಿ ನ್ಯಾಯ ಹೇಳ್ತಿದ್ರಲ್ಲ. ಮೊದಲು ಏನು ಕೇಳೋರು?’

‘ಜಗಳ ಏನು ಅಂತ.’

‘ಆಮೇಲೆ?’

‘ಆಮೇಲೆ… ಊರಲ್ಲಿ ಹಿಂದೆ ಹೇಗೆ ನಡ್ಕೊಂಡು ಬಂದಿದೆ ಅಂತ.’

‘ಅದು ಕಟ್ಟಳೆ. ಆಮೇಲೆ ಈ ಜಗಳ ಆ ಕಟ್ಟಳೆ ಒಳಗೆ ಬರುತ್ತಾ ಇಲ್ವಾ ಅಂತ ಎರಡೂ ಕಡೆ ಎಳೆದಾಡ್ತಾರೆ. ಕೊನೆಗೆ ತೀರ್ಮಾನ. ಜಗಳ, ಕಟ್ಟಳೆ, ಎಳೆದಾಟ, ತೀರ್ಮಾನ. ಪರೀಕ್ಷೇಲಿ ಪ್ರಾಬ್ಲಮ್ ಪ್ರಶ್ನೆ ಬಂದ್ರೆ ಈ ನಾಲ್ಕು ಪ್ಯಾರಾ. ನೀನು ಮೊದಲ ಮೂರು ಬಿಟ್ಟು ಸೀದಾ ತೀರ್ಮಾನಕ್ಕೆ ಹೋಗ್ತಿದೀಯ. ಮಾರ್ಕ್ಸು ಇರೋದು ಎಳೆದಾಟದಲ್ಲಿ.’

ನಿಜವಾದ ಒಂದು ಕೇಸ್ ತೆಗೆದುಕೊಂಡೆವು. ಅಲಹಾಬಾದ್ ಹೈಕೋರ್ಟ್, 1913, ಲಾಲ್‌ಮನ್ ಶುಕ್ಲಾ ಮತ್ತು ಗೌರಿ ದತ್. ಕರಾರು ಓದುವವರೆಲ್ಲರಿಗೂ ಗೊತ್ತಿರುವ ಕತೆ. ಸಾಹುಕಾರ ಗೌರಿ ದತ್‌ನ ಮನೆಯ ಹುಡುಗ ಕಾಣೆಯಾಗುತ್ತಾನೆ. ಸಾಹುಕಾರ ತನ್ನ ಮುನೀಮ ಲಾಲ್‌ಮನ್‌ನನ್ನು ಹುಡುಕಲು ಹರಿದ್ವಾರಕ್ಕೆ ಕಳಿಸುತ್ತಾನೆ. ಅವನು ಹೊರಟ ಮೇಲೆ, ಹುಡುಗನನ್ನು ಹುಡುಕಿ ಕೊಟ್ಟವರಿಗೆ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚುತ್ತಾನೆ. ಲಾಲ್‌ಮನ್ ಹುಡುಗನನ್ನು ಹುಡುಕಿ ತರುತ್ತಾನೆ, ಆದರೆ ಆಗ ಅವನಿಗೆ ಬಹುಮಾನದ ವಿಷಯ ಗೊತ್ತಿರುವುದಿಲ್ಲ. ಆಮೇಲೆ ಗೊತ್ತಾಗಿ, ಕೋರ್ಟಿಗೆ ಹೋಗುತ್ತಾನೆ. ಸೋಲುತ್ತಾನೆ.

‘ಅಯ್ಯೋ, ಅನ್ಯಾಯ ಅಲ್ವಾ ಅಕ್ಕಾ?’

‘ಅದು ತೀರ್ಮಾನ. ಮತ್ತೆ ಕೊನೆಗೆ ಹಾರಿದೆ. ಮೊದಲನೇದು ಏನು?’

ಜಗಳ ಏನು? ಗೊತ್ತಿಲ್ಲದ ಪ್ರಸ್ತಾವಕ್ಕೆ ಒಪ್ಪಿಗೆ ಕೊಡೋಕಾಗುತ್ತಾ? ಕಟ್ಟಳೆ ಏನು? ಒಪ್ಪಿಗೆ ಅನ್ನಬೇಕಾದರೆ ಪ್ರಸ್ತಾವ ಕಿವಿಗೆ ಬಿದ್ದಿರಬೇಕು. ಎಳೆದಾಟ? ಇಲ್ಲಿ ಅವಳು ಸಿಕ್ಕಿಬಿದ್ದಳು. ಲಾಲ್‌ಮನ್ ಪರವಾಗಿ ಏನು ಹೇಳಬಹುದು ಅಂತ ಐದು ನಿಮಿಷ ಯೋಚಿಸಿದಳು. ಕೆಲಸ ಮಾಡಿದ್ದಾನಲ್ಲ, ಹುಡುಗ ಸಿಕ್ಕಿದ್ದಾನಲ್ಲ. ಎದುರು ಪಕ್ಷದ ಪರವಾಗಿ? ‘ಅವನು ಸಂಬಳದ ಆಳು. ಹುಡುಕೋದು ಅವನ ಕೆಲಸಾನೇ. ಕರಪತ್ರ ನೋಡಿ ಹೋದವನಲ್ಲ, ಯಜಮಾನ ಹೇಳಿದ್ದಕ್ಕೆ ಹೋದವನು.’ ಹೇಳುತ್ತಾ ಹೇಳುತ್ತಾ ಧ್ವನಿ ಇಳಿಯಿತು. ತಾನೇ ಲಾಲ್‌ಮನ್‌ನನ್ನು ಸೋಲಿಸಿದ ಹಾಗಾಗಿತ್ತು.

ಹಳೇ ಕಾಸ್ ಲಿಸ್ಟ್, ಅಂದರೆ ಕೋರ್ಟಿನ ದಿನದ ಕೇಸುಗಳ ಪಟ್ಟಿಯ ಹಿಂದುಗಡೆ ಬರೆಸಿದೆ. ಶಿರಾದಲ್ಲಿ ಹಸು ಕಳೆದುಹೋಗಿದೆ, ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟರ್ ಅಂಟಿಸಿದ್ದಾರೆ, ಓದಲು ಬಾರದವನೊಬ್ಬ ಹಸು ಹಿಡಿದು ತಂದಿದ್ದಾನೆ, ಬಹುಮಾನ ಸಿಗುತ್ತಾ? ನಾಲ್ಕು ಪ್ಯಾರಾ ಬರೆದಳು. ‘ಓದಲು ಬಾರದಿದ್ದರೂ ಯಾರಾದರೂ ಓದಿ ಹೇಳಿರಬಹುದು, ಅದನ್ನು ಸಾಕ್ಷಿಯಿಂದ ರುಜುವಾತು ಮಾಡಬೇಕು’ ಅನ್ನುವ ಸಾಲು ನಾನು ಹೇಳಿಕೊಟ್ಟದ್ದಲ್ಲ. ಅವಳದೇ. ಇಷ್ಟಕ್ಕೆ ಹಿಡಿದದ್ದು ನಲವತ್ತು ನಿಮಿಷ, ಎರಡು ಬೈಟು ಕಾಫಿ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಕನ್ನಡದವರಿಗೆ ಕಾನೂನಿನಲ್ಲಿ ನಮ್ಮದು ಅನ್ನುವ ಕೊಂಡಿಗಳು ಕಮ್ಮಿಯೇನಿಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿದ ಕೇಸಿನ ಕೇಶವಾನಂದ ಭಾರತಿ ಯಾರು? ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಯಕ್ಷಗಾನ ಅಂದರೆ ಪ್ರಾಣ ಬಿಡುತ್ತಿದ್ದವರು. ಮಠದ ಜಮೀನಿನ ವಿಷಯಕ್ಕೆ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕೂತು 68 ದಿನ ಕೇಳಿ, ಏಳಕ್ಕೆ ಆರರ ಅಂತರದಲ್ಲಿ ತೀರ್ಪು ಕೊಟ್ಟರು. ನಾವು ಇದನ್ನು ಕ್ಲಾಸಿನಲ್ಲಿ ‘ಕೇಶವಾನಂದ ವರ್ಸಸ್ ಕೇರಳ’ ಅಂತ ಬಾಯಿಪಾಠ ಮಾಡಿದೆವು. ಎಡನೀರು ಎಲ್ಲಿದೆ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ಹೆಸರು ಮರೆಯುತ್ತಿತ್ತಾ?

ಹೋಗಲಿ, ಬಾಯಿಪಾಠ ಮಾಡಿದ್ದಾದರೂ ಉಳಿಯಿತಾ? ನಾನು ಮೊದಲ ವರ್ಷ ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, 511 ಕಲಂಗಳನ್ನು ಅವೆನ್ಯೂ ರಸ್ತೆಯ ಸೆಕೆಂಡ್ ಹ್ಯಾಂಡ್ ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ ಬರೀ ಕಾಯ್ದೆಯ ಪುಸ್ತಕ) ಹಿಡಿದು ಉರು ಹೊಡೆದೆ. ಹೊರಗೆ ಬರುವ ಹೊತ್ತಿಗೆ, 2024ರ ಜುಲೈ 1ಕ್ಕೆ, ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 358 ಕಲಂ. ಕೊಲೆ 302ರಿಂದ 103ಕ್ಕೆ ಹೋಯಿತು. ಮೋಸ 420ರಿಂದ 318ರ ನಾಲ್ಕನೇ ಉಪಕಲಂಗೆ ಹೋಯಿತು. ‘ಅವನೊಬ್ಬ ಫೋರ್ ಟ್ವೆಂಟಿ’ ಅನ್ನುವುದನ್ನು ಜನ ಬಿಡುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ನಂಬರು ಉರು ಹೊಡೆದವರೆಲ್ಲ ಮತ್ತೆ ಮೊದಲಿಂದ ಶುರು ಮಾಡಿದೆವು. ಮೋಸ ಅಂದರೆ ಯಾವ ಯಾವ ಅಂಶ ಇರಬೇಕು ಅಂತ ಅರ್ಥ ಮಾಡಿಕೊಂಡಿದ್ದವರು ಹೊಸ ನಂಬರನ್ನು ಒಂದು ಮಧ್ಯಾಹ್ನದಲ್ಲಿ ಕಲಿತರು. ನಮ್ಮ ಬ್ಯಾಚಿನಲ್ಲಿ ಅಂಥವರು ಮೂರೋ ನಾಲ್ಕೋ ಜನ.

ಡಿಗ್ರಿ ಆದ ಮೇಲೂ ಮುಗಿಯುವುದಿಲ್ಲ. ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಬೇಕಾದ ಹಾಗೆ ಶುಲ್ಕ ಕೇಳುವ ಹಾಗಿಲ್ಲ, ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ದಾಟಬಾರದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಆಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ. 100 ಪ್ರಶ್ನೆ, ಬೇರ್ ಆಕ್ಟ್ ಒಯ್ಯಬಹುದು, ಅದರಲ್ಲಿ ಟಿಪ್ಪಣಿ ಇರಬಾರದು. ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40 ಬೇಕು. ಕನ್ನಡದಲ್ಲೂ ಬರೆಯಬಹುದು. ನಾನು ಇಂಗ್ಲಿಷಿನಲ್ಲಿ ಬರೆದೆ. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಕನ್ಸಿಡರೇಶನ್ ಕನ್ಸಿಡರೇಶನ್ ಆಗಿಯೇ ಗಟ್ಟಿಯಾಗಿಬಿಟ್ಟಿತ್ತು. ಇದನ್ನು ಹೇಳಲು ಸ್ವಲ್ಪ ನಾಚಿಕೆ ಆಗುತ್ತದೆ.

ಹಾಗಾದರೆ ಕಾಲೇಜು ಏನು ಮಾಡಬೇಕು ಅಂತ ಕೇಳಿದರೆ, ನನ್ನ ಹತ್ತಿರ ದೊಡ್ಡ ಯೋಜನೆ ಏನಿಲ್ಲ. ಶುಕ್ರವಾರದ ಆ ‘ಟಿ’ ಪಿರಿಯಡ್ ಇದೆಯಲ್ಲ, ಅದನ್ನು ನಿಜವಾಗಿ ನಡೆಸಲಿ. ಎಂಬತ್ತು ಜನ ಬೇಡ, ಹತ್ತು ಹತ್ತು ಜನ. ಕೊನೇ ವರ್ಷದವರು ಮೊದಲ ವರ್ಷದವರ ಜೊತೆ ಕೂರಲಿ, ಅದನ್ನು ಅವರ ಇಂಟರ್ನಲ್ಸ್‌ಗೆ ಲೆಕ್ಕ ಹಾಕಲಿ. ಫೇಲಾದವರ ಪತ್ರಿಕೆ ತೆಗೆದು, ಎಲ್ಲಿ ಜಾರಿತು ಅಂತ ಒಂದು ಸಲ ಬೆರಳಿಟ್ಟು ತೋರಿಸಲಿ. ಕರಾರಿನ ಐವತ್ತು ಪದಗಳಿಗೆ ಕ್ರಯಪತ್ರದಲ್ಲಿ, ದಾವೆಯಲ್ಲಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬಳಸುವ ಕನ್ನಡ ಪದ ಬರೆದು ಗೋಡೆಗೆ ಅಂಟಿಸಲಿ. ಶಾರ್ಟೇಜ್ ಲಿಸ್ಟ್ ಅಂಟಿಸುವ ಬೋರ್ಡಿನಲ್ಲೇ ಜಾಗ ಇದೆ. ನಾನು ಇದನ್ನು ನನ್ನ ಹಳೇ ಕಾಲೇಜಿಗೆ ಹೋಗಿ ಹೇಳಿದೆ. ಕೂರಿಸಿ ಕಾಫಿ ಕೊಟ್ಟರು. ‘ಒಳ್ಳೇ ಐಡಿಯಾ ಮೇಡಂ, ಒಂದು ಲೆಟರ್ ಕೊಡಿ’ ಅಂದರು. ಕೊಟ್ಟು ಬಂದಿದ್ದೇನೆ.

ಸದ್ಯಕ್ಕೆ ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನ ಒಂದು ಕಲ್ಲುಬೆಂಚಿನ ಹತ್ತಿರ ಐದು ಜನ ಸೇರುತ್ತೇವೆ. ಮಳೆ ಬಂದರೆ ರಾಜ್ಯ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಜಗಲಿ. ಶಿರಾದ ಹುಡುಗಿ ತನ್ನ ಪಿಜಿಯ ಇಬ್ಬರನ್ನು ಎಳೆದುಕೊಂಡು ಬರುತ್ತಾಳೆ. ಕಾಂಟ್ರಾಕ್ಟ್ ಮತ್ತೆ ಬರೆದಿದ್ದಾಳೆ, ರಿಸಲ್ಟ್ ಬಂದಿಲ್ಲ. ಲಾಲ್‌ಮನ್‌ಗೆ ಆದದ್ದು ಅನ್ಯಾಯವೇ ಅಂತ ಇನ್ನೂ ವಾದ ಮಾಡುತ್ತಾಳೆ. ಈಗ ನಾಲ್ಕು ಪ್ಯಾರಾದಲ್ಲಿ.

ಇಂಟರ್ನ್‌ಶಿಪ್‌ನ ಕೊನೇ ದಿನ ಡೈರಿಗೆ ಸಹಿ ಹಾಕಿಸಲು ತಂದಿದ್ದಳು. ಆ ದಿನ ನಮ್ಮದೊಂದು ದಾವೆ ಇತ್ತು. ಕ್ರಯದ ಕರಾರು ಆಗಿದೆ, ಮಾರುವವರು ರಿಜಿಸ್ಟರ್ ಮಾಡಿಕೊಡುತ್ತಿಲ್ಲ ಅಂತ. ಎಂದಿನ ಹಾಗೆ ವಾಯಿದೆ ಬಿತ್ತು. ಡೈರಿಯ ಕೊನೇ ಪುಟದಲ್ಲಿ ಹೀಗೆ ಬರೆದಿದ್ದಳು: ‘ಈ ದಿನ ಕೋರ್ಟ್ ಹಾಲ್‌ನಲ್ಲಿ ಕುಳಿತಿದ್ದೆ. ಪ್ರತಿಫಲದ ಹಣದಲ್ಲಿ ಎರಡನೇ ಕಂತು ಕೊಟ್ಟಿದ್ದಕ್ಕೆ ರಸೀದಿ ಎಲ್ಲಿ ಎಂದು ಜಡ್ಜ್ ಕೇಳಿದರು. ನಮ್ಮ ಕಡೆ ಇರಲಿಲ್ಲ. ಕೇಸ್ ಮುಂದಕ್ಕೆ ಹೋಯಿತು.’

ಸೀನಿಯರ್ ಓದದೆ ಸಹಿ ಹಾಕಿದರು. ನಾನು ಡೈರಿ ಇಸಕೊಂಡು, ರಸೀದಿ ಹುಡುಕಿಸಲು ಕಕ್ಷಿದಾರರಿಗೆ ಫೋನ್ ಮಾಡಿದೆ.